ಒಂದೇ ಉಸಿರಿನ ಸಾಲು

ಪೇಟಿ ಮಾಸ್ತರರ ಕಿವಿಗಳು ದೊಡ್ಡವು. ಬರೀ ದೊಡ್ಡವಲ್ಲ, ತಲೆಗೆ ಅಂಟಿಕೊಳ್ಳದೆ ಎರಡೂ ಕಡೆ ಬಾಗಿಲು ತೆರೆದಿಟ್ಟಂತೆ ನಿಂತಿದ್ದವು. ಒಳಗಿನಿಂದ ಬಿಳಿ ಕೂದಲು ಹೊರಗಿಣುಕುತ್ತಿತ್ತು. ರವಿವಾರ ಮುಂಜಾನೆಯ ಆರಾಧನೆಯಲ್ಲಿ ಮೂಡಲ ಕಿಟಕಿಯಿಂದ ಬಿಸಿಲು ಬಿದ್ದಾಗ ಆ ಕಿವಿಗಳು ಕೆಂಪಗೆ ಹೊಳೆದು ಒಳಗಿನ ನರಗಳೂ ಕಾಣುತ್ತಿದ್ದವು. ಸಣ್ಣವರಿದ್ದಾಗ ನಾವು ಜಮಖಾನದ ಮೇಲೆ ಕೂತು, ಬಾಯಲ್ಲಿ ಹಾಡು ಹಾಡುತ್ತ, ಕಣ್ಣಲ್ಲಿ ಆ ಕಿವಿಗಳನ್ನೇ ನೋಡುತ್ತಿದ್ದೆವು. ಯಾರಾದರೂ ಅಪಸ್ವರ ಎತ್ತಿದರೆ ಆ ಕಡೆಯ ಕಿವಿ ಒಂಚೂರು ಅಲುಗುತ್ತದೆ ಎಂಬುದು ನಮ್ಮ ಗುಂಪಿನ ವಾದ. ಬೇಕಾದರೆ ನಗಿರಿ, ನಾನು ಅದನ್ನು ಕಣ್ಣಾರೆ ನೋಡಿದ್ದೇನೆ.

ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಎನ್ನುತ್ತೇವೆ. ಇಳಕಲ್ಲಿನ ನಮ್ಮ ಸಣ್ಣ ಚರ್ಚಿನಲ್ಲಿ ನನಗೆ ತಿಳಿವಳಿಕೆ ಬಂದಾಗಿನಿಂದ ಪೇಟಿಯ ಮುಂದೆ ಕೂತವರು ಇವರೊಬ್ಬರೇ. ವಾರವೆಲ್ಲ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುವುದು, ರವಿವಾರ ಪೇಟಿ ಬಾರಿಸುವುದು. ಅವರ ಮಗ್ಗದ ಪಕ್ಕದ ಮಗ್ಗ ನಮ್ಮ ಅಪ್ಪನದು. ಇಬ್ಬರೂ ಒಂದೇ ಓಣಿಯಲ್ಲಿ ಚಡ್ಡಿ ಹಾಕಿಕೊಂಡು ಬೆಳೆದವರು. ಮಾಸ್ತರರು ಅಪ್ಪನನ್ನು ಕಡೆಯತನಕ ‘ದೋಸ್ತ’ ಎಂದೇ ಕರೆದರು. ಅಪ್ಪನ ದನಿ ಬಾವಿಯೊಳಗಿಂದ ಬಂದ ಹಾಗೆ ದಪ್ಪ. ಆ ದನಿಯನ್ನು ನೆಲಕ್ಕೆ ಹಾಸಿ ಅದರ ಮೇಲೆ ಉಳಿದವರ ದನಿ ಕೂಡಿಸುತ್ತೇನೆ ಎಂದು ಮಾಸ್ತರರು ಹೇಳುತ್ತಿದ್ದರು. ಸಭೆಯ ಪ್ರತಿಯೊಬ್ಬರ ಗಂಟಲೂ ಅವರಿಗೆ ಗೊತ್ತು. ಯಾರಿಗೆ ನೆಗಡಿ, ಯಾರು ಮನೆಯಲ್ಲಿ ಜಗಳ ಆಡಿ ಬಂದಿದ್ದಾರೆ, ಹಿಂದೆ ಕೂತವರಲ್ಲಿ ಯಾರು ಬರೀ ತುಟಿ ಆಡಿಸುತ್ತಿದ್ದಾರೆ, ಎಲ್ಲವನ್ನೂ ತಿರುಗಿ ನೋಡದೆ ಹೇಳುತ್ತಿದ್ದರು. ಆದರೆ ತಾವು ಮಾತ್ರ ಒಂದು ಸಾಲೂ ಹಾಡುತ್ತಿರಲಿಲ್ಲ. ದೇವರು ತಮಗೆ ಎರಡು ಪಾಲು ಕಿವಿ ಕೊಟ್ಟು ಗಂಟಲು ಕೊಡುವುದನ್ನು ಮರೆತ ಎನ್ನುತ್ತಿದ್ದರು. ಪೇಟಿ ಇದೆಯಲ್ಲ, ಅದೇ ತನ್ನ ಬಾಯಿ ಎಂದು ಅವರ ಮಾತು.

ಇಂಥ ಮನುಷ್ಯ ಎಂಥ ಪುಕ್ಕಲು ಎನ್ನುತ್ತೀರಿ! ನಾಯಿಗೆ ಅಂಜಿಕೆ, ಸಿಡಿಲಿಗೆ ಅಂಜಿಕೆ, ಪೊಲೀಸರಿಗೆ ಅಂಜಿಕೆ, ಎಲ್ಲಕ್ಕಿಂತ ಹೆಚ್ಚು ದವಾಖಾನೆಗೆ ಅಂಜಿಕೆ. ಕ್ರಿಸ್‌ಮಸ್ ಮುಂಚೆ ಮನೆಮನೆಗೆ ಹಾಡುತ್ತ ಹೋಗುವಾಗ ಅವರು ಯಾವಾಗಲೂ ಗುಂಪಿನ ಒಳಗೇ ಇರಬೇಕು. ಒಮ್ಮೆ ಯಾರದೋ ಮನೆಯ ನಾಯಿಮರಿ ಬಾಲ ಅಲ್ಲಾಡಿಸುತ್ತ ಹತ್ತಿರ ಬಂದದ್ದಕ್ಕೆ ಕೊರಳಲ್ಲಿ ತೂಗುಹಾಕಿದ್ದ ಪೇಟಿಯನ್ನು ಅಡ್ಡ ಹಿಡಿದು ಹಿಂದೆ ಹಿಂದೆ ಸರಿದು ಗಟಾರಕ್ಕೆ ಕಾಲಿಟ್ಟರು. ಕಾಲಿಗೆ ಮೊಳೆ ಚುಚ್ಚಿದಾಗ ಅಪ್ಪ ಇಂಜೆಕ್ಷನ್ನಿಗೆ ಕರೆದೊಯ್ದಿದ್ದ. ನರ್ಸು ಸೂಜಿ ಎತ್ತುವುದರೊಳಗೆ ಮಾಸ್ತರರು ಹಿಂದಿನ ಬಾಗಿಲಿನಿಂದ ಮಾಯ. ಯಾರು ಎಷ್ಟು ನಕ್ಕರೂ ಅವರಿಗೆ ಬೇಜಾರಿಲ್ಲ. “ನಾ ಹುಟ್ಟಾ ಅಂಜುಬುರುಕ ಅದೇನಿ, ನನ್ನ ಕೆಣಕಬ್ಯಾಡ್ರಿ” ಎಂದು ತಾವೇ ಮೊದಲು ಹೇಳಿಬಿಡುತ್ತಿದ್ದರು.

ಕೊರೊನಾ ಸುದ್ದಿ ಬಂದಾಗ ಊರಲ್ಲಿ ಎಲ್ಲರಿಗಿಂತ ಮೊದಲು ಅಂಜಿದವರೂ ಇವರೇ. ಆಗಿನ್ನೂ ನಮಗೆ ಅದು ಟಿವಿಯೊಳಗಿನ ಮಾತು. ನಮ್ಮ ಚರ್ಚಿನಲ್ಲಿ ಒಂದು ಪದ್ಧತಿ ಇದೆ. ಆರಾಧನೆ ಮುಗಿದ ಮೇಲೆ ಮೊದಲು ಹೊರಬಂದವರು ಬಾಗಿಲಲ್ಲಿ ಪಾದ್ರಿಗಳ ಕೈಹಿಡಿದು ‘ಸಲಾಮ್’ ಎಂದು ಅವರ ಪಕ್ಕಕ್ಕೆ ನಿಲ್ಲಬೇಕು. ಮುಂದಿನವರು ಆ ಇಬ್ಬರಿಗೂ ಸಲಾಮ್ ಹೇಳಿ ಅವರ ಪಕ್ಕಕ್ಕೆ. ಹೀಗೆ ಸಾಲು ಬೆಳೆದು ಅಂಗಳ ಸುತ್ತುತ್ತದೆ. ಕಡೆಯವರು ಬರುವಷ್ಟರಲ್ಲಿ ಎಲ್ಲರ ಕೈಯನ್ನು ಎಲ್ಲರೂ ಹಿಡಿದಾಗಿರುತ್ತದೆ. ಆ ರವಿವಾರ ಮಾಸ್ತರರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಹೊರಬಂದರು. ಪಾದ್ರಿಗಳು ಚಾಚಿದ ಕೈ ಹಾಗೇ ಗಾಳಿಯಲ್ಲಿ ಉಳಿಯಿತು. ಹಿರಿಯರೊಬ್ಬರು ಸಿಟ್ಟಾಗಿ, ದೇವರ ಮನೆಯಲ್ಲಿ ನಿಂತು ದೇವರ ಮೇಲೆ ಭರವಸೆ ಇಲ್ಲವೇ ಎಂದು ಕೇಳಿಯೇಬಿಟ್ಟರು.

“ದೇವರ ಮ್ಯಾಲ ಭರೋಸಾ ಐತ್ರಿ,” ಎಂದರು ಮಾಸ್ತರರು. “ನಿಮ್ಮ ಕೈ ಮ್ಯಾಲ ಇಲ್ಲ.”

ಜನ ನಕ್ಕರು, ಕೆಲವರು ಬೈದರು. ಮುಂದಿನ ರವಿವಾರದ ಹೊತ್ತಿಗೆ ದೇಶವೇ ಬಾಗಿಲು ಹಾಕಿತು, ಚರ್ಚಿಗೂ ಕೀಲಿ ಬಿತ್ತು. ಕೀಲಿ ಹಾಕುವ ಮುಂಚೆ ಮಾಸ್ತರರು ಪೇಟಿಯನ್ನು ತಮ್ಮ ಮನೆಗೆ ತಂದು, ಅದರ ಕರಿ ಬಿಳಿ ಸ್ವರದ ಮನೆಗಳನ್ನೆಲ್ಲ ಸ್ಯಾನಿಟೈಸರ್ ಹಚ್ಚಿ ತಿಕ್ಕಿ ತಿಕ್ಕಿ ತೊಳೆದರು. ಹಳೆಯ ಪಾಲಿಶ್ ಎಲ್ಲ ಬಿಳುಚಿಕೊಂಡು ಹೋಯಿತು. ಮಾಸ್ಕಿನ ರಬ್ಬರು ಎಳೆದು ಅವರ ಆ ಕಿವಿಗಳು ಮುಂದಕ್ಕೆ ಮಡಚಿಕೊಂಡದ್ದನ್ನು ನೋಡಿ ನಮ್ಮ ಅವ್ವ ಮುಖ ತಿರುಗಿಸಿ ನಗುತ್ತಿದ್ದಳು.

ನಮ್ಮ ಪಾದ್ರಿಗಳು ಇರುವುದು ಹುನಗುಂದದಲ್ಲಿ. ಅಲ್ಲಿಂದ ಇಲ್ಲಿಗೆ ಬರುವಂತಿಲ್ಲ. ಮೊದಲು ಅವರು ವಿಡಿಯೋದಲ್ಲಿ ಆರಾಧನೆ ಮಾಡಲು ನೋಡಿದರು. ದೊಡ್ಡ ಫೋನು ಇದ್ದದ್ದು ನಾಲ್ಕಾರು ಮನೆಯಲ್ಲಿ, ಅವರಿಗೂ ಮಾಳಿಗೆ ಹತ್ತಿದರೆ ನೆಟ್ಟು. ಪಾದ್ರಿಗಳು ಬಾಯಿ ತೆರೆದವರು ಹಾಗೇ ತೆರೆದುಕೊಂಡೇ ಉಳಿಯುತ್ತಿದ್ದರು. ಆಮೇಲೆ ಮಾಸ್ತರರೇ ಒಂದು ಉಪಾಯ ಹುಡುಕಿದರು. ಸಣ್ಣ ಫೋನಿನಿಂದಲೂ ನಾಲ್ಕೈದು ಮನೆಗೆ ಕೂಡಿಯೇ ಕಾಲ್ ಹಚ್ಚಬಹುದು. ಆ ಮನೆಯವರು ಸ್ಪೀಕರ್ ಹಾಕಿ, ಮನೆಯ ಇನ್ನೊಂದು ಫೋನನ್ನು ಅದರ ಪಕ್ಕಕ್ಕಿಟ್ಟು, ಅದರಿಂದ ಮತ್ತೆ ನಾಲ್ಕು ಮನೆಗೆ ಹಚ್ಚಬೇಕು. ಹೀಗೆ ಓಣಿಯ ಮನೆಗಳು, ಕಮತಗಿಯ ಎರಡು ಮನೆ, ರಾಮಥಾಳದ ಒಂದು, ಕುಳಗೇರಿ ಕ್ರಾಸಿನಲ್ಲಿ ಚಹಾದಂಗಡಿ ಇಟ್ಟವರದೊಂದು, ಎಲ್ಲವೂ ಒಂದೇ ಸರಕ್ಕೆ ಬಂದವು. ಪ್ರಾರ್ಥನೆ, ಪಾದ್ರಿಗಳ ಪ್ರಸಂಗ ಸರಿಹೋದವು. ಹಾಡು ಮಾತ್ರ ಕೆಟ್ಟು ಕೆರ ಹಿಡಿಯಿತು. ಒಂದು ಫೋನಿನಿಂದ ಇನ್ನೊಂದಕ್ಕೆ ದನಿ ತಡವಾಗಿ ದಾಟುವುದರಿಂದ ಓಣಿಯವರು ಎರಡನೆಯ ನುಡಿಯಲ್ಲಿದ್ದರೆ ಕುಳಗೇರಿ ಕ್ರಾಸಿನವರು ಇನ್ನೂ ಮೊದಲನೆಯದನ್ನು ಎಳೆಯುತ್ತಿದ್ದರು. ಮಾಸ್ತರರಿಗೆ ಅದು ಕಿವಿಯಲ್ಲಿ ಉಪ್ಪಿನಕಾಯಿ ಹಾಕಿದಂತಾಯಿತು.

ಅದಕ್ಕೆ ಅವರು ಕಟ್ಟಳೆ ಮಾಡಿದರು: ಒಂದು ಮನೆಯವರು ಒಂದು ಸಾಲು. ಉಳಿದವರು ಬಾಯಿ ಮುಚ್ಚಿ ಕೇಳಬೇಕು. ಪೇಟಿ ಬಾರಿಸುತ್ತ ಮಾಸ್ತರರೇ ಕೂಗುವರು, “ಈಗ ಕಮತಗಿ.” ಕಮತಗಿಯವರು ಹಾಡುವರು. “ಈಗ ಕ್ರಾಸ್.” ಅವರು ಹಾಡುವರು. ಕಡೆಗೆ ಎಲ್ಲ ಮನೆ ಮುಗಿದ ಮೇಲೆ ಪೇಟಿ ಒಂದೇ ಒಂದು ಸುತ್ತು ನುಡಿದು ನಿಲ್ಲುವುದು. ಹೀಗೆ ಆ ವರ್ಷ ದಾಟಿತು. ನಡುವೆ ಚರ್ಚು ತೆರೆಯಿತು, ದೂರ ದೂರ ಕೂತೆವು, ಸಲಾಮಿಗೆ ಬದಲು ಕೈ ಮುಗಿದೆವು. ಮುಗಿಯಿತು ಬಿಡು ಎಂದುಕೊಂಡೆವು.

ಎರಡನೆಯ ಬೇಸಿಗೆಗೆ ಅದು ತಿರುಗಿ ಬಂತು. ಆ ಬೇಸಿಗೆಯ ಬಗ್ಗೆ ಬರೆಯಲು ನನಗೆ ಇವತ್ತಿಗೂ ಕೈ ಬರುವುದಿಲ್ಲ. ಹುನಗುಂದದ ರಸ್ತೆಯಲ್ಲಿ ಆಂಬುಲೆನ್ಸಿನ ಸದ್ದು ಕೇಳಿದರೆ ಅವ್ವ ಒಲೆಯ ಮುಂದಿನಿಂದ ಎದ್ದು ಬಂದು ಬಾಗಿಲಿಗೆ ಅಗುಳಿ ಹಾಕುತ್ತಿದ್ದಳು, ಅದು ಮನೆಯೊಳಗೇ ನುಗ್ಗುತ್ತದೆ ಎನ್ನುವಂತೆ. ಓಣಿಯ ಆಚೆ ತುದಿಯ ಒಬ್ಬ ಗಟ್ಟಿಮುಟ್ಟಾದ ಮನುಷ್ಯ ತಾನೇ ನಡೆದು ಹೋಗಿ ಆಂಬುಲೆನ್ಸ್ ಹತ್ತಿದ. ಬಂದದ್ದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು. ಹೆಂಡತಿಗೆ ಮುಖ ತೋರಿಸಲಿಲ್ಲ. ಅಪ್ಪ ಅದನ್ನು ಕಟ್ಟೆಯ ಮೇಲೆ ಕೂತು ನೋಡಿದ. ಒಳಗೆ ಬಂದು ನೀರು ಕುಡಿದು, ತನಗೇನಾದರೂ ಆದರೆ ಮನೆಯಲ್ಲೇ ಆಗಲಿ, ಒಯ್ಯಬೇಡಿ ಎಂದ. ಒಯ್ದವರು ಯಾರೂ ಬರುವುದಿಲ್ಲ ಎಂಬುದು ಆಗ ಓಣಿಗೆ ಓಣಿಯೇ ನಂಬಿದ್ದ ಮಾತು.

ಅದಾಗಿ ಸ್ವಲ್ಪ ದಿನಕ್ಕೇ ಅಪ್ಪನಿಗೆ ಜ್ವರ ಬಂತು. ನಾನು ಇಲ್ಲಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ, ಅಪ್ಪ ಅವ್ವನ ಜೊತೆ ಇದ್ದೇನೆ. ಮದುವೆ ಯಾಕಾಗಲಿಲ್ಲ ಎನ್ನುವುದು ಈ ಬರಹದ ವಿಷಯವಲ್ಲ. ತಪಾಸಣೆ ಮಾಡಿಸೋಣ ಎಂದೆ. ಅಪ್ಪ ಕೇಳಲಿಲ್ಲ. ಅವ್ವ ನನ್ನ ಕೈ ಹಿಡಿದು ಬೈಬಲ್ಲಿನ ಮೇಲಿಟ್ಟು, ಹೊರಗೆ ಒಂದು ಮಾತು ಆಡಿದರೆ ನನ್ನಾಣೆ ಎಂದಳು. ಒಳಗಿನ ಕೋಣೆಯಲ್ಲಿ ಅಪ್ಪ, ಹೊಸ್ತಿಲ ಹೊರಗೆ ಕಷಾಯದ ಚೊಂಬು. ಮೊದಲೆರಡು ದಿನ ಕೆಮ್ಮು ಕೇಳುತ್ತಿತ್ತು. ಆಮೇಲೆ ಕೆಮ್ಮೂ ಕಡಿಮೆಯಾಗಿ ಬರೀ ಉಸಿರಿನ ಸದ್ದು ಕೇಳತೊಡಗಿತು, ಮತ್ತು ನನಗೆ ಆ ಸದ್ದಿಗಿಂತ ಕೆಮ್ಮೇ ವಾಸಿ ಎನಿಸಿತು.

ಚರ್ಚು ಮತ್ತೆ ಮುಚ್ಚಿ ಮತ್ತೆ ಫೋನಿನ ಆರಾಧನೆ ನಡೆದಿತ್ತು. ಮೊದಲ ರವಿವಾರ ನಮ್ಮ ಮನೆಯ ಸಾಲು ಬಂದಾಗ ಅವ್ವ, ನಾನು ಇಬ್ಬರೇ ಗಟ್ಟಿಯಾಗಿ ಹಾಡಿದೆವು. ಮರುದಿನ ಮಾಸ್ತರರ ಫೋನು. ದೋಸ್ತ ಯಾಕೆ ಹಾಡಲಿಲ್ಲ ಎಂದು ಕೇಳಿದರು. ಗಂಟಲು ಕಟ್ಟಿದೆ ಎಂದೆ. ಅವರು ಫೋನು ಇಟ್ಟುಬಿಟ್ಟರು.

ಮುಂದಿನ ರವಿವಾರ ಅಪ್ಪನೇ ಫೋನು ತನ್ನ ಹಾಸಿಗೆಯ ಪಕ್ಕ ಇಡಿಸಿಕೊಂಡ. ಕಡೆಯ ಆಮೆನ್ ಆದರೂ ತಾನು ಗಟ್ಟಿಯಾಗಿ ಹೇಳಿದರೆ ಮಾಸ್ತರನ ಬಾಯಿ ಮುಚ್ಚುತ್ತದೆ ಎಂದು ಅವನ ಲೆಕ್ಕ. ಹಾಡು ಶುರುವಾಯಿತು. ಅದರಲ್ಲಿ ಒಂದು ಉದ್ದನೆಯ ಸಾಲಿದೆ. ಬೆಟ್ಟ, ಹೊಳೆ, ಕಡಲು ಎಲ್ಲ ಅದರಲ್ಲೇ ಬರುತ್ತವೆ, ನಡುವೆ ನಿಲ್ಲಲು ತಾವಿಲ್ಲ. ಅದು ಬರುವ ಹೊತ್ತಿಗೆ ಪೇಟಿ ತಟ್ಟನೆ ನಿಂತಿತು. ಮಾಸ್ತರರ ದನಿ ಬಂತು. ಎಲ್ಲ ಮನೆಯವರೂ ಕೇಳುತ್ತಿದ್ದರು.

“ದೋಸ್ತಾ, ಈ ಸಾಲು ನೀ ಒಬ್ಬನ ಹಾಡು. ಒಂದ ಉಸರಿನಾಗ ಹಾಡು.”

ಅವ್ವ ಫೋನಿಗೆ ಕೈ ಹಾಕಿದಳು. ಅಪ್ಪ ಆಕೆಯ ಕೈ ಸರಿಸಿದ. ಸಿಟ್ಟಿನಿಂದ ಎದ್ದು ಕೂತು, ಎದೆ ಉಬ್ಬಿಸಿ ಶುರು ಮಾಡಿದ. ಬೆಟ್ಟ ದಾಟಿದ. ಹೊಳೆಯ ಹತ್ತಿರ ದನಿ ಹರಿಯಿತು. ಆಮೇಲೆ ಬಂದದ್ದು ಹಾಡಲ್ಲ, ಕೊಡ ಮುಳುಗುವಾಗ ಗುಳುಗುಳು ಎನ್ನುವಂಥ ಒಂದು ಸದ್ದು.

“ಇನ್ನೊಮ್ಮೆ ಹಾಡು,” ಎಂದರು ಮಾಸ್ತರರು. ಅವರ ದನಿ ನಡುಗುತ್ತಿತ್ತು.

ಎರಡನೆಯ ಸಲ ಬೆಟ್ಟವೂ ದಾಟಲಿಲ್ಲ.

“ಇವನ್ನ ಈಗಿಂದೀಗ ದವಾಖಾನಿಗೆ ಕರಕೊಂಡ ಹೋಗ್ರಿ. ಆರಾಧನಿ ಆಮ್ಯಾಲ ಮಾಡೂಣು.”

ಅಪ್ಪ ಫೋನನ್ನು ಗೋಡೆಗೆ ಒಗೆದ. ಅವ್ವ ಮಾಸ್ತರರ ವಂಶವನ್ನೆಲ್ಲ ಹಿಡಿದು ಬೈದಳು. ಆದರೆ ಇನ್ನು ಮುಚ್ಚಿಡುವುದು ಏನಿತ್ತು? ಇಡೀ ಸಭೆ ಕೇಳಿಯಾಗಿತ್ತು. ನನ್ನ ಫೋನಿಗೆ ಹುನಗುಂದದಿಂದ ಪಾದ್ರಿಗಳು, ಕಮತಗಿಯವರು, ಎಲ್ಲರೂ ಒಬ್ಬರ ಹಿಂದೊಬ್ಬರು ಹಚ್ಚಿದರು. ಎದುರು ಮನೆಯ ಚಾಚಾ ಟಂಟಂ ಆಟೋ ಓಡಿಸುವವರು. ಯಾರು ಹೇಳಿದರೋ, ಬಾಗಿಲಿಗೆ ಗಾಡಿ ತಂದು ನಿಲ್ಲಿಸಿ, ಮುಖಕ್ಕೆ ವಸ್ತ್ರ ಸುತ್ತಿಕೊಂಡು ಕೂತೇಬಿಟ್ಟಿದ್ದರು. ಅಪ್ಪನನ್ನು ಬಾಗಲಕೋಟೆಗೆ ಒಯ್ದೆವು. ಬೆರಳಿಗೆ ಯಂತ್ರ ಹಚ್ಚಿದ ಡಾಕ್ಟರು ನನ್ನ ಮುಖ ನೋಡಿ, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದಷ್ಟೇ ಕೇಳಿ ಆಕ್ಸಿಜನ್ನಿಗೆ ಓಡಿದರು. ನಾನು ಹೊರಗೆ ಬೇವಿನ ಗಿಡದ ಕೆಳಗೆ ಕೂತೆ. ಒಳಗಿನಿಂದ ಯಾರನ್ನಾದರೂ ತಳ್ಳಿಕೊಂಡು ಬಂದರೆ ಅದು ಅಪ್ಪನೇ ಎಂದು ಎದ್ದು ನಿಲ್ಲುತ್ತಿದ್ದೆ. ಅಷ್ಟು ಅಂಜಿಕೆಯನ್ನು ನಾನು ಆ ಮುಂಚೆ ಉಂಡಿರಲಿಲ್ಲ.

ಮಾಸ್ತರರು ದಿನಾ ಮುಂಜಾನೆ ನನಗೆ ಫೋನು ಹಚ್ಚುತ್ತಿದ್ದರು. ಏನಾಯಿತು ಎಂದು ಕೇಳುವ ಧೈರ್ಯವಿಲ್ಲ. ಬರೀ “ಹೂಂ?” ಎನ್ನುವರು. ನಾನು “ಹೂಂ” ಎಂದರೆ ಉಸಿರು ಬಿಟ್ಟು ಇಡುವರು. ನಮ್ಮಿಬ್ಬರ ನಡುವೆ ಆ ದಿನಗಳಲ್ಲಿ ಬೇರೆ ಮಾತೇ ನಡೆಯಲಿಲ್ಲ.

ಅದೇ ಹೊತ್ತಿಗೆ ಇತ್ತ ಸಭೆಯಲ್ಲಿ ಹೊಸದೊಂದು ಶುರುವಾಗಿತ್ತು. ಮಾಸ್ತರರು ಆ ಉದ್ದನೆಯ ಸಾಲನ್ನು ಪ್ರತಿ ರವಿವಾರ ಎಲ್ಲರಿಂದ ಒಬ್ಬೊಬ್ಬರಾಗಿ ಹಾಡಿಸತೊಡಗಿದರು. ಮುದುಕರು, ಸೊಸೆಯಂದಿರು, ಹುಡುಗರು, ಯಾರನ್ನೂ ಬಿಡಲಿಲ್ಲ. ಪಾದ್ರಿಗಳು ಇದೇನು ಆರಾಧನೆಯೋ ಪರೀಕ್ಷೆಯೋ ಎಂದರಂತೆ. ಮಾಸ್ತರರು ಮೊದಲು ನೀವು ಹಾಡಿರಿ ಎಂದು ಅವರನ್ನೂ ಹಾಡಿಸಿದರಂತೆ. ಜನ ಶನಿವಾರದಿಂದಲೇ ಅಂಜುತ್ತಿದ್ದರು. ಯಾರ ಸಾಲು ಹರಿಯುತ್ತದೋ ಎಂದು ಉಳಿದ ಮನೆಯವರೆಲ್ಲ ಫೋನಿನ ಸುತ್ತ ಕೂತು ಉಸಿರು ಬಿಗಿಹಿಡಿಯುತ್ತಿದ್ದರು. ಕಮತಗಿಯ ಒಬ್ಬ ಹೆಂಗಸು ಹೊಳೆಯ ಹತ್ತಿರ ನಿಂತಳು. ಅವತ್ತೇ ಒಯ್ದರು, ಉಳಿದಳು. ಕ್ರಾಸಿನ ಚಹಾದಂಗಡಿಯ ಹಿರಿಯ ಪೂರ್ತಿ ಸಾಲು ಹಾಡಿದ, ಮುಂದಿನ ರವಿವಾರದೊಳಗೆ ತೀರಿಕೊಂಡ. ಹಾಗಾಗಿ ಹಾಡಿ ಮುಗಿಸಿದರೂ ಧೈರ್ಯ ಬರುತ್ತಿರಲಿಲ್ಲ.

ಅಪ್ಪ ಮನೆಗೆ ಬಂದ. ಅರ್ಧ ಮನುಷ್ಯನಾಗಿ ಬಂದ, ಆದರೆ ಸಿಟ್ಟು ಮಾತ್ರ ಪೂರ್ತಿ ಉಳಿದಿತ್ತು. ಸಾವು ಬದುಕಿನ ಮಾತು ಬಿಟ್ಟು, ನಾಕು ಮಂದಿಯ ಮುಂದೆ ಮಾಸ್ತರ ತನ್ನ ಮಾನ ಕಳೆದ ಎಂಬುದೊಂದೇ ಹಿಡಿದು ಕೂತ. ನೀನು ಉಳಿದದ್ದೇ ಅವರಿಂದ ಎಂದು ನಾನು ಹೇಳಿದರೆ, ಮನೆಗೆ ಬಂದು ಹೇಳಿದ್ದರೆ ಆಗುತ್ತಿರಲಿಲ್ಲವೇ ಎನ್ನುವನು. ರವಿವಾರ ಎಲ್ಲರ ಸಾಲು ಮುಗಿದ ಮೇಲೆ ಮಾಸ್ತರರು ಸಣ್ಣ ದನಿಯಲ್ಲಿ “ದೋಸ್ತ?” ಎಂದು ಕರೆಯುತ್ತಿದ್ದರು. ಅಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದ. ಪೇಟಿ ಸ್ವಲ್ಪ ಕಾದು, ತನ್ನ ಸುತ್ತು ನುಡಿದು ನಿಲ್ಲುತ್ತಿತ್ತು.

ಅಂಥ ಒಂದು ರವಿವಾರ ಅಪ್ಪ ಮಲಗಿದಲ್ಲೇ ಗೊಣಗಿದ. ಮಾಸ್ತರನಿಗೆ ಸೊಕ್ಕು ಬಂದಿದೆ, ಗಾಳಿ ನೆಟ್ಟಗೆ ಹಾಕುತ್ತಿಲ್ಲ, ಸ್ವರ ಒಮ್ಮೆ ಉಬ್ಬುತ್ತದೆ ಒಮ್ಮೆ ಕುಸಿಯುತ್ತದೆ ಎಂದ. ಪೇಟಿಯ ಹಿಂದಿನ ಹಲಗೆಯನ್ನು ಒಂದು ಕೈಯಿಂದ ಒತ್ತುತ್ತ ಗಾಳಿ ತುಂಬಬೇಕು, ಇನ್ನೊಂದು ಕೈಯಿಂದ ಬಾರಿಸಬೇಕು, ಅದೊಂದು ಹದ. ನನಗೂ ಏನೋ ಬೇರೆಯಾಗಿ ಕೇಳಿಸಿತು, ಪೇಟಿ ಹಳೆಯದಾಯಿತು ಎಂದುಕೊಂಡೆ. ಮುಂದಿನ ರವಿವಾರವೂ ಹಾಗೇ ಕೇಳಿತು. ಮಾಸ್ತರರು ಮನೆಗಳ ಹೆಸರು ಕೂಗುವುದೂ ಬರಬರುತ್ತ ಸಣ್ಣದಾಗಿತ್ತು. ಅವತ್ತು ಅವರು “ದೋಸ್ತ” ಎಂದು ಕರೆಯಲಿಲ್ಲ. ಅಪ್ಪ ಗೋಡೆಯ ಕಡೆಯಿಂದ ಒಮ್ಮೆ ತಿರುಗಿ ಫೋನು ನೋಡಿದ, ಮತ್ತೆ ತಿರುಗಿಕೊಂಡ.

ಬುಧವಾರ ಮುಂಜಾನೆ ಮಾಸ್ತರರ ಮನೆಯಿಂದ ಫೋನು ಬಂತು. ಅವರ ಹೆಂಡತಿ, ನಾವು ಅತ್ತಿ ಎನ್ನುವವರು. ಅಳಲಿಲ್ಲ. ಮಾಸ್ತರರು ನಸುಕಿನಲ್ಲಿ ಹೋದರು ಎಂದಳು. ಎರಡು ವಾರದಿಂದ ಜ್ವರವಿತ್ತು. ದವಾಖಾನೆಯ ಹೆಸರು ಎತ್ತಿದರೆ ಸಣ್ಣ ಹುಡುಗರಂತೆ ಅಂಜಿ ನಡುಗುತ್ತಿದ್ದರು. ತಾನು ದವಾಖಾನೆ ಸೇರಿದರೆ ಸುದ್ದಿಯಾಗುತ್ತದೆ, ಪೇಟಿ ನಿಂತರೆ ಮಂದಿಯ ಎದೆ ಒಡೆಯುತ್ತದೆ, ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿದ್ದರಂತೆ. ಗಾಳಿ ಒತ್ತುವ ಶಕ್ತಿಯೂ ಕೈಯಲ್ಲಿ ಉಳಿದಿರಲಿಲ್ಲ. ನಾನು ಸ್ಪೀಕರ್ ಹಾಕಿದ್ದೆ. ಅಪ್ಪ ಎದ್ದು ಕೂತಿದ್ದ.

“ಎರಡು ರವಿವಾರ ಕೈ ಅವರದು, ಗಾಳಿ ನಂದು ಇತ್ತವ್ವಾ,” ಎಂದಳು ಅತ್ತಿ. “ಎದುರ ಕುಂತು ಒತ್ತತಿದ್ದೆ.”

ಅಪ್ಪ ಎರಡೂ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡ. ಇಡೀ ಊರಿನ ಉಸಿರು ಕೇಳಿ ನೋಡಿದ ಮನುಷ್ಯನಿಗೆ, ನಿನ್ನದೊಂದು ಸಾಲು ಹಾಡು ಎಂದು ನಾವು ಯಾರೂ ಹೇಳಲಿಲ್ಲವಲ್ಲ! ಪೇಟಿ ನುಡಿಯುತ್ತಿದೆ ಎಂದರೆ ಅವರು ಸುಖವಾಗಿದ್ದಾರೆ ಎಂದೇ ತಿಳಿದೆವು. ಅಪ್ಪನಂತೂ ಕೇಳಿಯೂ ಗೋಡೆಯ ಕಡೆ ತಿರುಗಿ ಮಲಗಿದ್ದ. ನನಗೆ ಅವನ ಮುಖ ನೋಡಲಾಗಲಿಲ್ಲ.

ಮಣ್ಣಿಗೆ ಐದೇ ಜನ ಹೋಗಬೇಕು ಎಂದು ಅಧಿಕಾರಿಗಳು ಹೇಳಿದರು. ಪಾದ್ರಿಗಳು ಹುನಗುಂದದಿಂದ ಅನುಮತಿ ಪಡೆದು ಬಂದರು. ಮಾಸ್ತರರ ಮಗಳು ದೂರದ ಊರಲ್ಲಿದ್ದಳು, ಬರಲಾಗಲಿಲ್ಲ. ಅತ್ತಿಯ ಮೂಗಿನ ದ್ರವ ತಪಾಸಣೆಗೆ ತೆಗೆದುಕೊಂಡು ಹೋಗಿದ್ದರು, ಫಲಿತಾಂಶ ಬಂದಿರಲಿಲ್ಲ. ಆಕೆ ಹೊಸ್ತಿಲು ದಾಟುವಂತಿರಲಿಲ್ಲ. ಅಪ್ಪ ತನಗೆ ಬಂದು ಹೋಗಿದೆ, ತಾನು ಹೋಗುತ್ತೇನೆ ಎಂದ. ನಡೆಯಲು ಬಾರದವನು ಆ ನೀಲಿ ಪ್ಲಾಸ್ಟಿಕ್ ಅಂಗಿಯೊಳಗೆ ಹೊಕ್ಕು, ನನ್ನ ಭುಜ ಹಿಡಿದು, ಊರ ಹೊರಗಿನ ನಮ್ಮ ಸ್ಮಶಾನಕ್ಕೆ ಬಂದ. ನಾನು ಬೇಲಿಯ ಹತ್ತಿರ ಎರಡು ಫೋನು ಹಿಡಿದು ನಿಂತೆ. ಉಳಿದವರೆಲ್ಲ ಎಂದಿನಂತೆ ತಮ್ಮ ತಮ್ಮ ಮನೆಯಲ್ಲಿ ಆ ಸರದಲ್ಲಿದ್ದರು. ಅತ್ತಿಯೂ ಇದ್ದಳು.

ಪಾದ್ರಿಗಳು ವಾಕ್ಯ ಓದಿದರು. ಹಗ್ಗ ಬಿಟ್ಟು ಕೆಳಗಿಳಿಸಿದರು. ಈಗ ಹಾಡು ಎಂದರು. ಯಾರೂ ಹಾಡಲಿಲ್ಲ. ಇಷ್ಟು ದಿನದ ರೂಢಿ ನೋಡಿ, ತಮ್ಮ ಮನೆಯ ಹೆಸರು ಕರೆಯುತ್ತಾರೆ, ಆಮೇಲೆ ಹಾಡಬೇಕು ಎಂದು ಎಲ್ಲ ಮನೆಯವರೂ ಬಾಯಿ ಮುಚ್ಚಿ ಕಾಯುತ್ತಿದ್ದರು. ಕರೆಯುವವರು ಕುಣಿಯೊಳಗಿದ್ದರು. ಫೋನಿನಿಂದ ಬರೀ ಗುಂಯ್ ಎನ್ನುವ ಸದ್ದು. ಪಾದ್ರಿಗಳು ನನ್ನ ಕಡೆ ನೋಡಿದರು.

ಅಪ್ಪ ಬೇಲಿಯವರೆಗೆ ಬಂದು ನನ್ನ ಕೈಯಿಂದ ಫೋನು ತೆಗೆದುಕೊಂಡ. “ಈಗ ಕಮತಗಿ,” ಎಂದ. ಒಂದು ಗಳಿಗೆ ತಡೆದು ಕಮತಗಿ ಹಾಡಿತು. “ಈಗ ರಾಮಥಾಳ.” ಅವರು ಹಾಡಿದರು. ಹೀಗೆ ಒಂದೊಂದೇ ಮನೆ ಕರೆದ. ಎಲ್ಲರದೂ ಆಯಿತು. ಮಣ್ಣು ಹಾಕುವವರು ಸಲಿಕೆ ಎತ್ತಿದರು. ಅಪ್ಪ ಅವರಿಗೆ ನಿಲ್ಲಿ ಎಂದು ಕೈ ಮಾಡಿ, ಈ ಎರಡು ಬೇಸಿಗೆಯಲ್ಲಿ ಯಾರೂ ಕರೆಯದ ಮನೆಯ ಹೆಸರು ಕರೆದ.

“ಈಗ ಮಾಸ್ತರನ ಮನಿ. ಅಕ್ಕಾ, ಆ ಉದ್ದನ ಸಾಲು ಹಾಡವಾ.”

ಅತ್ತಿ ಹಾಡಿದಳು. ದನಿ ಸಣ್ಣದು, ಆದರೆ ನೆಟ್ಟಗಿತ್ತು. ಬೆಟ್ಟ ದಾಟಿದಳು. ಹೊಳೆ ದಾಟಿದಳು. ಕಡಲಿನ ಹತ್ತಿರ ದನಿ ಹರಿದುಹೋಯಿತು. ಗಂಡನ ಮಣ್ಣಿನ ಹೊತ್ತು. ಅಳು ಬಂದಿತು ಎಂದೇ ನಾವೆಲ್ಲ ತಿಳಿದೆವು. ಪಾದ್ರಿಗಳು ಕಣ್ಣು ಒರೆಸಿಕೊಂಡು ಪ್ರಾರ್ಥನೆಗೆ ತಲೆ ಬಗ್ಗಿಸಿದರು.

“ಅಳು ಅಲ್ಲ ಅದು,” ಅಪ್ಪ ಒದರಿದ. “ಆ ಸಪ್ಪಳ ನನಗ ಗೊತ್ತೈತಿ. ಚಾಚಾಗ ಫೋನ್ ಹಚ್ಚು. ಆಕಿನ್ನ ಈಗ ಕರಕೊಂಡ ಹೋಗ್ರಿ.”

ಅತ್ತಿ ಬೇಡ ಬೇಡ ಎಂದಳು, ಮಣ್ಣಾದರೂ ಆಗಲಿ ಎಂದಳು. ಅಪ್ಪ ಕೇಳಲಿಲ್ಲ. ಮಣ್ಣು ಕಾಯುತ್ತದೆ ಎಂದು ಬೈದ. ಚಾಚಾ ಅವರ ಗಾಡಿ ಆಕೆಯ ಬಾಗಿಲಿಗೆ ಬಂದ ಸದ್ದು ಫೋನಿನಲ್ಲಿ ಕೇಳುವತನಕ ಅವನು ಸಲಿಕೆ ಎತ್ತಗೊಡಲಿಲ್ಲ. ಗಾಡಿ ಓಣಿ ದಾಟಿದ ಮೇಲೆ ಮೊದಲ ಹಿಡಿ ಮಣ್ಣು ತಾನೇ ಹಾಕಿದ. ಬಾಗಲಕೋಟೆಯಲ್ಲಿ ಅತ್ತಿಯ ಬೆರಳಿಗೆ ಯಂತ್ರ ಹಚ್ಚಿದಾಗ, ಅಪ್ಪನ ಅಂದಿನ ಸಂಖ್ಯೆಗಿಂತ ಅದು ಕೆಳಗಿತ್ತು.

ಅತ್ತಿ ಉಳಿದಳು. ಈಗ ಆಕೆಯ ಒಂದು ಹೊತ್ತಿನ ಊಟ ನಮ್ಮ ಮನೆಯಲ್ಲೇ, ಅವ್ವನ ಜೊತೆ ಕೂತು ಇಡೀ ಓಣಿಯನ್ನು ಬೈಯುತ್ತಾಳೆ. ಎಷ್ಟೋ ತಿಂಗಳಾದ ಮೇಲೆ ಒಂದು ಮಧ್ಯಾಹ್ನ ನಾನು ಅಪ್ಪನನ್ನು ಕೇಳಿದೆ. ಅಷ್ಟು ಜನ ಅಳು ಎಂದುಕೊಂಡದ್ದನ್ನು ನೀನೊಬ್ಬನೇ ಅಳು ಅಲ್ಲ ಎಂದು ಹೇಗೆ ಗುರುತಿಸಿದೆ, ಮಾಸ್ತರರ ಕಿವಿ ನಿನಗೇನಾದರೂ ಬಂತೇ ಎಂದು ತಮಾಷೆ ಮಾಡಿದೆ. ಅಪ್ಪ ನಗಲಿಲ್ಲ. ಪಕ್ಕದ ಮಾಸ್ತರರ ಖಾಲಿ ಮಗ್ಗದ ಕಡೆ ತಿರುಗಿದ.

“ನನಗ ಏನೂ ಗೊತ್ತಿರಲಿಲ್ಲವಾ,” ಎಂದ. “ಅಳುನ ಇರಬೇಕು ಅಂತ ನನಗೂ ಅನಿಸಿತ್ತು. ಆದರ ಭಾಳ ಅಂಜಿಕಿ ಬಂತು. ಅವತ್ತ ನನ್ನ ಹಾಡಿಸಿದಾಗ ಮಾಸ್ತರಗೂ ಬರೇ ಅಂಜಿಕಿನ ಬಂದಿರಬೇಕು.”